ಬೀಜ ಕೊನೆಗೆ: ಕಾಸರಗೋಡಿನ ಮಣ್ಣಿನಲ್ಲಿ ಮೊದಲ ಕೈತೋಟ, ಹಂತ ಹಂತವಾಗಿ

ಕೈತೋಟ ಶುರುಮಾಡಿದವರ ದೂರುಗಳು ಹೆಚ್ಚುಕಡಿಮೆ ಒಂದೇ ತೆರ. "ಬೆಂಡೆ ಗೇಣುದ್ದ ಬಂತು, ಅಲ್ಲಿಗೇ ನಿಂತಿತು." "ಹರಿವೆ ಮೊಳಕೆಯೇ ಬರಲಿಲ್ಲ, ಬೀಜ ಹಾಳಿರಬೇಕು." "ಟೊಮೆಟೊ ನಿನ್ನೆ ಚೆನ್ನಾಗಿತ್ತು, ಇವತ್ತು ಬಾಡಿ ಬಿದ್ದಿದೆ." "ಹಾಗಲ ಮಿಡಿಯಲ್ಲೇ ಹಳದಿಯಾಗಿ ಉದುರುತ್ತದೆ." ಮಂಜೇಶ್ವರದವರೂ ಇದನ್ನೇ ಹೇಳುತ್ತಾರೆ, ಮುಳ್ಳೇರಿಯದವರೂ ಇದನ್ನೇ.

ಇದರಲ್ಲಿ ಬೀಜದ ತಪ್ಪು ಕಡಿಮೆ. ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಮೊದಲು ಬೀಜ ತರುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ, ಗಿಡ ಸೊರಗಿದ ಮೇಲೆ ಮಣ್ಣಿನ ಯೋಚನೆ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿ ಮಣ್ಣು. ಹುಳಿ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡಕ್ಕೆ ದಕ್ಕುವುದು ಸ್ವಲ್ಪವೇ. ಹಾಗಾಗಿ ಇಲ್ಲಿ ಮೊದಲು ಜಾಗ, ಆಮೇಲೆ ಸುಣ್ಣ, ಆಮೇಲೆ ಗೊಬ್ಬರ, ಕೊನೆಗೆ ಬೀಜ.

ಹಂತ 1: ಯಾವಾಗ ಶುರುಮಾಡಬೇಕು

ಮೊದಲ ಸಲ ಮಾಡುವವರು ಜೂನ್‌ನಲ್ಲಿ ಕೈಹಾಕಬೇಡಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದಾಗ ಎಲ್ಲರಿಗೂ ಉಮೇದು ಬರುತ್ತದೆ, ನಿಜ. ಆದರೆ ಜುಲೈಯ ಮಳೆಗೆ ಎಳೆ ಸಸಿ ಕೊಳೆಯದಂತೆ ನೋಡಿಕೊಳ್ಳುವುದು ಅನುಭವ ಬೇಡುವ ಕೆಲಸ. ಮಳೆಗಾಲದ ಬೆಳೆ ಎರಡನೇ ವರ್ಷಕ್ಕಿರಲಿ.

ಹೊಸಬರಿಗೆ ಒಳ್ಳೆಯದು ಮಳೆ ಹಿಂದೆ ಸರಿಯುವ ಕಾಲ. ನೆನಪಿಡಲು ಸುಲಭದ ಲೆಕ್ಕ ಇದು: ನವರಾತ್ರಿ ಶುರುವಾಗುವಾಗ ಮಣ್ಣಿಗೆ ಸುಣ್ಣ. ದಸರೆ ಕಳೆದು ಬರುವ ಹುಣ್ಣಿಮೆಗೆ ಗೊಬ್ಬರ. ದೀಪಾವಳಿಯ ಅಮಾವಾಸ್ಯೆ ಹೊತ್ತಿಗೆ ಬೀಜ. ಇದರಲ್ಲಿ ಜಾತಕ, ಮುಹೂರ್ತ ಏನೂ ಇಲ್ಲ. ಪಾಡ್ಯದಿಂದ ಹುಣ್ಣಿಮೆಗೆ ಎರಡು ವಾರ, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಎರಡು ವಾರ. ನಮಗೆ ಬೇಕಾದದ್ದೂ ಅಷ್ಟೇ ಅಂತರ. ನವರಾತ್ರಿ ಬೇಗ ಬಂದು ಮಳೆ ಇನ್ನೂ ಜಡಿಯುತ್ತಿದ್ದರೆ ಮಳೆ ಸಡಿಲವಾಗುವವರೆಗೆ ಕಾಯಿರಿ. ಹಬ್ಬ ಕಾಯುವುದಿಲ್ಲ, ಮಣ್ಣು ಕಾಯುತ್ತದೆ.

ಈ ಲೆಕ್ಕದಲ್ಲಿ ಬೆಳೆದರೆ ಮಾರ್ಚ್ ಒಳಗೆ ಹೆಚ್ಚಿನ ಕೊಯ್ಲು ಮುಗಿಯುತ್ತದೆ. ಏಪ್ರಿಲ್, ಮೇಯಲ್ಲಿ ಬಾವಿಯೂ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗವೂ ಕೈಕೊಡುವ ಮನೆಗಳಿಗೆ ಇದೇ ದೊಡ್ಡ ಲಾಭ.

ಹಂತ 2: ಜಾಗ ನೋಡುವುದು

ಅರ್ಧ ಸೆಂಟ್ಸ್ ಸಾಕು. ಒಂದು ಸೆಂಟ್ಸ್ ಎಂದರೆ ಸುಮಾರು 40 ಚದರ ಮೀಟರ್, ಅದರ ಅರ್ಧ 20. ಇದರಲ್ಲಿ 3 ಅಡಿ ಅಗಲ, 10 ಅಡಿ ಉದ್ದದ ನಾಲ್ಕು ಏರಿ (ಎತ್ತರಿಸಿದ ಮಣ್ಣಿನ ಪಾತಿ) ಮತ್ತು ನಡುವೆ ನಡೆಯಲು ದಾರಿ ಬರುತ್ತದೆ. ಐದು ಸೆಂಟ್ಸ್ ಅಗೆದವರ ತೋಟ ಜನವರಿಯಲ್ಲಿ ಕಳೆ ತುಂಬಿ ನಿಂತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬಿಸಿಲು ದಿನಕ್ಕೆ ಕನಿಷ್ಠ 6 ಗಂಟೆ ಬೇಕು. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಅಲ್ಲಿ ನಿಂತು ನೋಡಿ. ಹೆಚ್ಚಿನವರು ಮರೆಯುವ ಒಂದು ವಿಷಯ ಇದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಅಥವಾ ಮರದ ಬಡಗು ಬದಿಗೆ ಆಗ ಉದ್ದ ನೆರಳು. ಮೇ ತಿಂಗಳಲ್ಲಿ ಬಿಸಿಲಿದ್ದ ಜಾಗ ಡಿಸೆಂಬರಿನಲ್ಲಿ ಕತ್ತಲೆಯಾಗಿರಬಹುದು.

ಅಡಿಕೆ ತೋಟದ ಒಳಗೆ ತರಕಾರಿ ಬೇಡ. ನೆರಳಿನಲ್ಲಿ ಗಿಡ ಸಪೂರವಾಗಿ ಮೇಲೆ ಏಳುತ್ತದೆ, ಕಾಯಿ ಹಿಡಿಯುವುದಿಲ್ಲ. ತೆಂಗಿನ ಬುಡದಿಂದ ಕನಿಷ್ಠ 2 ಮೀಟರ್ ದೂರ ಇರಿ. ಅದರ ಬೇರಿನ ದಟ್ಟಣೆ ಆ ಸುತ್ತಿನಲ್ಲೇ ಜಾಸ್ತಿ. ನೀವು ಹಾಕಿದ ಗೊಬ್ಬರ ತೆಂಗು ತಿಂದೀತು. ಜೊತೆಗೆ ಮಡಲು ಬಿದ್ದು ಚಪ್ಪರ ಮುರಿಯುವ ಕತೆ ಬೇರೆ.

ನೀರು ನಿಲ್ಲುತ್ತದೆಯೇ ನೋಡಲು ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ. ಮರುದಿನ ಬೆಳಿಗ್ಗೆಯೂ ನೀರಿದ್ದರೆ ಅಲ್ಲಿ ಏರಿ ಎತ್ತರ ಮಾಡಲೇಬೇಕು, ಕಣಿ (ನೀರು ಹರಿದುಹೋಗುವ ಕಾಲುವೆ) ಬಿಡಲೇಬೇಕು.

ಹಂತ 3: ಸಲಕರಣೆ

ಹಾರೆ, ಕತ್ತಿ, ಬುಟ್ಟಿ. ತೂತಿನ ಮೂತಿ ಇರುವ ನೀರಿನ ಕ್ಯಾನ್. ಒಂದೆರಡು ಲೀಟರಿನ ಕೈ ಸ್ಪ್ರೇಯರ್. ಅಡಿಗೆಮನೆಯ ತೂಕದ ಯಂತ್ರ. ಬಳ್ಳಿಗೆ ಹಗ್ಗ, ಚಪ್ಪರಕ್ಕೆ ಸೀಳಿದ ಅಡಿಕೆ ಮರ ಅಥವಾ ಬಿದಿರು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಜಾಗವಾದರೆ ಪಿಕ್ಕಾಸು.

ಇನ್ನೊಂದು ಬಲೆ. ನವಿಲು ಬರುವ ಊರಿನಲ್ಲಿ ಬಲೆ ಇಲ್ಲದೆ ಬೀಜ ಹಾಕುವುದೆಂದರೆ ನವಿಲಿಗೆ ಊಟ ಬಡಿಸಿದಂತೆ. ಇದನ್ನು ಬೀಜ ಹಾಕುವ ಮೊದಲೇ ತಂದಿಡಿ, ಆಮೇಲೆ ಓಡಬೇಡಿ.

ಹಂತ 4: ಮಣ್ಣು ಮತ್ತು ಸುಣ್ಣ

ಇಡೀ ಕೆಲಸದಲ್ಲಿ ಜಾಸ್ತಿ ಜನ ಬಿಟ್ಟುಬಿಡುವ ಹಂತ ಇದೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ನಿಮ್ಮದು ಯಾವ ಮಣ್ಣು ನೋಡಿ. ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಿ ಹೊಯಿಗೆ (ಮರಳು) ಮಣ್ಣು. ನೀರೂ ಗೊಬ್ಬರವೂ ಅದರಲ್ಲಿ ನಿಲ್ಲುವುದಿಲ್ಲ. ಅಲ್ಲಿ ಗೊಬ್ಬರವನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಬದಿಯಡ್ಕ, ಪೆರ್ಲದ ಕಡೆಯ ಗುಡ್ಡೆಯಲ್ಲಿ ಕೆಂಪು ಮುರಕಲ್ಲು ಮಣ್ಣು. ಮೇಲ್ಮಣ್ಣು ತೆಳು, ಒಂದಡಿ ಕೆಳಗೆ ಕಲ್ಲು. ಅಲ್ಲಿ ಅಗೆಯುವುದಕ್ಕಿಂತ ತೋಟದ ಬದಿಯ ಮೇಲ್ಮಣ್ಣು, ತರಗೆಲೆ ತಂದು ಏರಿ ಎತ್ತರಿಸುವುದು ಜಾಣತನ. ಗದ್ದೆ ಜಾಗದಲ್ಲಿ ಅಂಟು ಮಣ್ಣು. ಅಲ್ಲಿ ಕಣಿ ಮುಖ್ಯ.

ಸಾಧ್ಯವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಕೇರಳದಲ್ಲಿ ಪಂಚಾಯತಿಗೊಂದು ಕೃಷಿಭವನ (ಕೃಷಿ ಇಲಾಖೆಯ ಕಚೇರಿ) ಇದೆ, ಅಲ್ಲಿ ವಿಚಾರಿಸಿ. ಮಾದರಿ ತೆಗೆಯುವುದರಲ್ಲೇ ತಪ್ಪಾಗುವುದು ಜಾಸ್ತಿ. ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ ವಿ ಆಕಾರದಲ್ಲಿ ಕಡಿದು, ಆ ಬದಿಯಿಂದ ಒಂದು ಪದರ ಮಣ್ಣು ಕೆರೆದು ತೆಗೆಯಿರಿ. ಹೀಗೆ ಐದಾರು ಕಡೆ ತೆಗೆದು ಬೆರೆಸಿ. ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೊ ಕೊಟ್ಟರೆ ಸಾಕು. ಸುಣ್ಣ, ಗೊಬ್ಬರ ಹಾಕಿದ ಮೇಲೆ ಮಾದರಿ ತೆಗೆಯಬೇಡಿ, ಫಲಿತಾಂಶ ಸುಳ್ಳು ಹೇಳುತ್ತದೆ. ತರಕಾರಿಗೆ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆಯಾದಷ್ಟು ಹುಳಿ ಜಾಸ್ತಿ) 6ರಿಂದ 6.8ರ ಒಳಗಿದ್ದರೆ ಒಳ್ಳೆಯದು.

ಪರೀಕ್ಷೆ ಆಗದಿದ್ದರೆ ಒಂದು ಸೆಂಟ್ಸ್‌ಗೆ 2ರಿಂದ 3 ಕಿಲೊ ಸುಣ್ಣದ ಹುಡಿ ಎಂಬ ಸಾಮಾನ್ಯ ಲೆಕ್ಕ ಹಿಡಿಯಿರಿ. ಅರ್ಧ ಸೆಂಟ್ಸ್‌ಗೆ ಸುಮಾರು ಒಂದೂಕಾಲು ಕಿಲೊ. ಅಂಗಡಿಯಲ್ಲಿ ಕುಮ್ಮಾಯ ಎಂದು ಕೇಳಿ. ನೆಲವನ್ನು ಮುಕ್ಕಾಲು ಅಡಿ ಅಗೆದು, ಹೆಂಟೆ ಒಡೆದು, ಸುಣ್ಣವನ್ನು ತೆಳುವಾಗಿ ಉದುರಿಸಿ ಮಣ್ಣಿಗೆ ಬೆರೆಸಿ. ಮಣ್ಣು ಒದ್ದೆಯಾಗಿರಬೇಕು. ಒಣ ಮಣ್ಣಿನಲ್ಲಿ ಸುಣ್ಣ ಸುಮ್ನೆ ಬಿದ್ದಿರುತ್ತದೆ. ಮಳೆ ಇಲ್ಲದಿದ್ದರೆ ನೀರು ಚಿಮುಕಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣು ಜೋಪಾನ.

ಆಮೇಲೆ ಎರಡು ವಾರ ಅಲ್ಲಿಗೆ ಏನೂ ಹಾಕಬೇಡಿ. ಸುಣ್ಣ ಮತ್ತು ಸೆಗಣಿ ಗೊಬ್ಬರ ಒಟ್ಟಿಗೆ ಬೆರೆತರೆ ಗೊಬ್ಬರದ ಸಾರಜನಕ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ. ಒಂದೇ ದಿನ ಎರಡನ್ನೂ ಹಾಕಿ ಕೈತೊಳೆದುಕೊಳ್ಳುವವರು ಎರಡರ ದುಡ್ಡನ್ನೂ ಕಳೆದುಕೊಳ್ಳುತ್ತಾರೆ.

ಹಂತ 5: ಏರಿ ಮತ್ತು ಗೊಬ್ಬರ

ಸುಣ್ಣ ಹಾಕಿ ಒಂದು ವಾರವಾದಾಗ ಗೊಬ್ಬರವನ್ನು ಬೇರೆ ಕಡೆ ತಯಾರು ಮಾಡಲು ಶುರುಮಾಡಿ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ 45 ಕಿಲೊ, ಬೇವಿನ ಹಿಂಡಿ 5 ಕಿಲೊ, ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರದ ಹುಡಿ ಅರ್ಧದಿಂದ ಒಂದು ಕಿಲೊ. ನೆರಳಿನಲ್ಲಿ ಬೆರೆಸಿ ರಾಶಿ ಹಾಕಿ. ನೀರು ಚಿಮುಕಿಸಿ ಒದ್ದೆ ಗೋಣಿ ಮುಚ್ಚಿ. ನಡುವೆ ಒಮ್ಮೆ ಮಗುಚಿ. ವಾರ ಕಳೆದಾಗ ಮೇಲೆ ಹಸಿರು ಬೂಷ್ಟು ಕಂಡರೆ ಗಾಬರಿ ಬೇಡ, ಅದು ಟ್ರೈಕೋಡರ್ಮ ಬೆಳೆದ ಗುರುತು. ಬೇರು ಕೊಳೆಯಿಸುವ ಶಿಲೀಂಧ್ರವನ್ನು ಅದು ತಡೆಯುತ್ತದೆ. ಬೇವಿನ ಹಿಂಡಿ ಬೇರುಗಂಟು ಮಾಡುವ ಜಂತುಗಳನ್ನು ಕಡಿಮೆ ಮಾಡುತ್ತದೆ.

ಹಸಿ ಸೆಗಣಿ ಬೇಡ. ಅದು ಮಣ್ಣಿನಲ್ಲಿ ಕಾವು ಏಳುತ್ತದೆ, ಗೊಬ್ಬರದ ಹುಳ ಬರುತ್ತದೆ. ಕೋಳಿ ಗೊಬ್ಬರ ಇನ್ನೂ ಖಾರ, ಹೊಸಬರು ಮುಟ್ಟದಿರುವುದೇ ವಾಸಿ. ಮನೆಯಲ್ಲಿ ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಮಾಡುವ ರೂಢಿ ಇದ್ದರೆ ಬಹಳ ಒಳ್ಳೆಯದು, ಎರಡು ಬುಟ್ಟಿ ಸೇರಿಸಿ. ಅದರಲ್ಲಿ ಪೊಟ್ಯಾಷ್ ಇದೆ, ಕಳೆ ಬೀಜವೂ ಸತ್ತಿರುತ್ತದೆ.

ಏರಿ ಅರ್ಧ ಅಡಿ ಎತ್ತರ ಇರಲಿ, ಗದ್ದೆಯಲ್ಲಿ ಒಂದಡಿ. ಅಗಲ 3 ಅಡಿ ದಾಟಬಾರದು. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು. ಒಮ್ಮೆ ಏರಿ ಮಾಡಿದ ಮೇಲೆ ಅದರ ಮೇಲೆ ಕಾಲಿಡಬೇಡಿ. ಗೊಬ್ಬರ ಮೇಲಿನ ಅರ್ಧ ಅಡಿಗೆ ಬೆರೆಯಲಿ, ಆಳಕ್ಕೆ ಹೂಳುವುದು ವ್ಯರ್ಥ. ಇನ್ನು ಎರಡು ವಾರ ಏರಿಯನ್ನು ಹಾಗೇ ಬಿಡಿ. ಆಗ ಕಳೆ ಮೊಳೆಯುತ್ತದೆ. ಅದನ್ನು ಕೆರೆದು ತೆಗೆದರೆ ಮುಂದಿನ ಕಳೆ ಕೆಲಸ ಎಷ್ಟೋ ತಪ್ಪುತ್ತದೆ.

ಹಂತ 6: ಯಾವ ಬೀಜ

ಈಗ ಅಂಗಡಿಗೆ ಹೋಗಬಹುದು. ಮೊದಲ ವರ್ಷ ಐದೇ ಬೆಳೆ: ಹರಿವೆ, ಅಲಸಂಡೆ, ಬೆಂಡೆ, ಬದನೆ, ಬಸಳೆ. ಬಿಳಿ ಹೂಕೋಸಿನ ಚಿತ್ರ ನೋಡಿ ಆಸೆಪಡಬೇಡಿ.

ಬದನೆ, ಟೊಮೆಟೊ, ಮೆಣಸು ಮೂರಕ್ಕೂ ನಮ್ಮ ಹುಳಿ ಮಣ್ಣಿನಲ್ಲಿ ದೊಡ್ಡ ಶತ್ರು ಒಂದೇ, ಬ್ಯಾಕ್ಟೀರಿಯದಿಂದ ಬರುವ ಸೊರಗು ರೋಗ. ಇದಕ್ಕೆ ಮದ್ದು ಇಲ್ಲ. ಹೊಸಬರಿಗೆ ತಡೆಯುವ ತಳಿ ಹಾಕುವುದೇ ಸುಲಭದ ದಾರಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ, ಹರಿತ ಬದನೆ, ಉಜ್ವಲ, ಅನುಗ್ರಹ ಮೆಣಸು, ಶಕ್ತಿ, ಮುಕ್ತಿ, ಅನಘ ಟೊಮೆಟೊ ಇದಕ್ಕೆಂದೇ ಬಂದವು. ಮಾರುಕಟ್ಟೆಯ ಟೊಮೆಟೊ ಹಿಸುಕಿ ಬೀಜ ಹಾಕಿದರೆ ಗಿಡ ಬರುತ್ತದೆ, ಹೂವೂ ಬಿಡುತ್ತದೆ, ಆಮೇಲೆ ಒಂದು ದಿನ ಬಾಡುತ್ತದೆ.

ಅಲಸಂಡೆಯಲ್ಲಿ ಲೋಲ, ವೈಜಯಂತಿ ಬಳ್ಳಿ ಜಾತಿ, ಚಪ್ಪರ ಬೇಕು. ಭಾಗ್ಯಲಕ್ಷ್ಮಿ ಗಿಡ್ಡ ಜಾತಿ. ಹರಿವೆಯಲ್ಲಿ ಕೆಂಪು ಬೇಕಾದರೆ ಅರುಣ. ಬೀಜಕ್ಕೆ ಕೃಷಿಭವನ, ಇಲ್ಲವೇ ಪಿಲಿಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಕವರಿನ ಮೇಲೆ ಮಲೆಯಾಳ ಮಾತ್ರ ಇದ್ದರೆ ಇಷ್ಟು ಗೊತ್ತಿರಲಿ: ಪಯರ್ ಅಲಸಂಡೆ, ಚೀರ ಹರಿವೆ, ವೆಂಡ ಬೆಂಡೆ, ವಳುದನ ಬದನೆ. ತಾರೀಖು ಕಳೆದ ಬೀಜ ಪುಕ್ಕಟೆ ಸಿಕ್ಕಿದರೂ ಬೇಡ.

ನೆರೆಮನೆಯವರು ಕೊಡುವ ಬೆಂಡೆ, ಅಲಸಂಡೆ ಬೀಜ ಒಳ್ಳೆಯದೇ. ಆದರೆ ಹೈಬ್ರಿಡ್ ಗಿಡದಿಂದ ಎತ್ತಿಟ್ಟದ್ದಾದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ಕೇಳಿ ತನ್ನಿ.

ಹಂತ 7: ಬಿತ್ತುವುದು

ಬೀಜದ ದಪ್ಪಕ್ಕೆ ಎರಡರಷ್ಟು ಆಳ, ಅದಕ್ಕಿಂತ ಜಾಸ್ತಿ ಬೇಡ.

ಹರಿವೆ ಮೊಳೆಯದಿರಲು ಎರಡು ಕಾರಣ. ಒಂದು, ಸಾಸಿವೆಗಿಂತ ಸಣ್ಣ ಬೀಜವನ್ನು ಇಂಚು ಆಳಕ್ಕೆ ಹೂಳುವುದು. ಎರಡು, ಇರುವೆ. ಬಿತ್ತಿದ ರಾತ್ರಿಯೇ ಇರುವೆ ಸಾಲು ಬೀಜ ಹೊತ್ತುಕೊಂಡು ಹೋಗುತ್ತದೆ, ನೀವು ಅಂಗಡಿಯವರನ್ನು ಬೈಯುತ್ತೀರಿ. ಬೀಜಕ್ಕೆ ರವೆ ಬೆರೆಸಿ ಬಿತ್ತಿ. ಇರುವೆ ರವೆ ಒಯ್ಯುತ್ತದೆ, ಬೀಜ ಉಳಿಯುತ್ತದೆ. ಒಣ ಹೊಯಿಗೆಯನ್ನೂ ಸೇರಿಸಿದರೆ ಬೀಜ ಒಂದೇ ಕಡೆ ಗುಂಪಾಗುವುದಿಲ್ಲ. ಮೇಲೆ ಮಣ್ಣು ಕೈಯಲ್ಲಿ ಉದುರಿಸಿದರೆ ಸಾಕು.

ಬೆಂಡೆ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ತೇಲುವುದನ್ನು ಎಸೆದು ಉಳಿದದ್ದು ಹಾಕಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45. ಅಲಸಂಡೆ ನೆನೆಸುವುದು ಬೇಡ, ಬೇಗ ಕೊಳೆಯುತ್ತದೆ. ಗುಳಿಗೆ ಎರಡು ಬೀಜ ಹಾಕಿ, ಬಂದ ಮೇಲೆ ಬಲವಾದ ಒಂದನ್ನು ಉಳಿಸಿ. ಕಿತ್ತು ತೆಗೆಯಬೇಡಿ, ಪಕ್ಕದ ಬೇರು ಅಲುಗುತ್ತದೆ. ಬುಡಕ್ಕೆ ಚಿವುಟಿ.

ಬದನೆ ಸಸಿ ಬೇರೆ ಟ್ರೇಯಲ್ಲಿ ಮಾಡಿ, 4-5 ಎಲೆ ಬಂದ ಮೇಲೆ ಸಂಜೆ ಹೊತ್ತಿಗೆ ನೆಡಿ. ನೆಟ್ಟ ಮೇಲೆ ಮೂರು ದಿನ ನೆರಳು ಬೇಕು, ಅಡಿಕೆ ಸೋಗೆ ಓರೆಯಾಗಿ ಚುಚ್ಚಿದರೆ ಆಯಿತು. ಬಸಳೆಗೆ ಮೂರು ಗಂಟಿರುವ ಒಂದಡಿ ದಂಟು ಸಾಕು, ಎರಡು ಗಂಟು ಮಣ್ಣೊಳಗೆ.

ಬಿತ್ತಿದ ಮೇಲೆ ಬೈಹುಲ್ಲು ಹರಡಿ. ಮೊಳಕೆ ಕಂಡ ದಿನವೇ ತೆಗೆದುಬಿಡಿ. ಎರಡು ದಿನ ತಡವಾದರೂ ಸಸಿ ಹಳದಿಯಾಗಿ, ಸಪೂರವಾಗಿ ಮಲಗುತ್ತದೆ. ಸಸಿಯ ಬುಡ ಕಪ್ಪಾಗಿ ಮುರಿದು ಬಿದ್ದರೆ ನೀರು ಜಾಸ್ತಿಯಾಯಿತೆಂದು ಅರ್ಥ. ನೀರು ತಗ್ಗಿಸಿ, ಸ್ಯೂಡೋಮೊನಾಸ್ (ರೋಗ ತಡೆಯುವ ಒಳ್ಳೆಯ ಬ್ಯಾಕ್ಟೀರಿಯ) ಹುಡಿ ಲೀಟರಿಗೆ 20 ಗ್ರಾಂ ಕಲಸಿ ಬುಡಕ್ಕೆ ಹಾಕಿ.

ಹಂತ 8: ನೀರು, ಆಹಾರ, ಚಪ್ಪರ

ನೀರಿಗೆ ಗಡಿಯಾರ ನೋಡಬೇಡಿ, ಬೆರಳು ನೋಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ. ತಂಪಾಗಿ ಅಂಟಿದರೆ ಇವತ್ತು ಬೇಡ. ಮಧ್ಯಾಹ್ನ ಎಲೆ ಬಾಡಿ ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿಗೆ ಆದದ್ದು, ನೀರಿಗಲ್ಲ. ಮಣ್ಣು ಒದ್ದೆ ಇದ್ದೂ ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದರೆ ನೀರು ಜಾಸ್ತಿ. ಪೈಪ್ ಹಿಡಿದು ಬುಡಕ್ಕೆ ರಭಸವಾಗಿ ಬಿಡುವುದು ಬೇಡ. ಬೇರು ಬಯಲಾಗುತ್ತದೆ. ಬೆಳಿಗ್ಗೆ ಹಾಕುವುದು ಒಳ್ಳೆಯದು. ರಾತ್ರಿ ಒದ್ದೆ ಎಲೆ ಇದ್ದರೆ ರೋಗ.

ಡಿಸೆಂಬರ್ ಹೊತ್ತಿಗೆ ಬುಡಕ್ಕೆ ತರಗೆಲೆ ಹೊದೆಸಿ. ದಂಟಿಗೆ ತಾಗದಂತೆ ಎರಡು ಇಂಚು ಬಿಡಿ. ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಗಿಡ ಗೇಣುದ್ದವಾದ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಸೆಗಣಿ ನೀರು ಕೊಡಿ. ಒಂದು ಕಿಲೊ ಸೆಗಣಿ 10 ಲೀಟರ್ ನೀರಿಗೆ ಕದಡಿ, ಸೋಸಿ, ಬುಡದ ಸುತ್ತ. ಗೋಮೂತ್ರ ಕೊಡುವುದಾದರೆ ಹತ್ತು ಪಾಲು ನೀರು ಸೇರಿಸಿಯೇ. ನೆಲಗಡಲೆ ಹಿಂಡಿ ಕೊಳೆಸಿ ಹಾಕುವುದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಪಕ್ಕದ ಮನೆಯವರ ಜೊತೆ ಮಾತು ಉಳಿಯಬೇಕಾದರೆ ಡ್ರಮ್ಮಿಗೆ ಮುಚ್ಚಳ ಇರಲಿ. ಅಲಸಂಡೆಗೆ ಇದೆಲ್ಲ ಜಾಸ್ತಿಯಾದರೆ ಎಲೆಯೇ ಎಲೆ, ಹೂವಿಲ್ಲ.

ಚಪ್ಪರವನ್ನು ಬಳ್ಳಿ ಒಂದಡಿ ಆಗುವ ಮೊದಲೇ ಕಟ್ಟಿ. ಬಳ್ಳಿ ನೆಲದಲ್ಲಿ ಹೆಣೆದುಕೊಂಡ ಮೇಲೆ ಎತ್ತಲು ಹೋದರೆ ಕುಡಿ ಮುರಿಯುತ್ತದೆ.

ಕೊಯ್ಲೂ ಆರೈಕೆಯ ಭಾಗವೇ. ಬೆಂಡೆ, ಅಲಸಂಡೆ ದಿನ ಬಿಟ್ಟು ದಿನ ಕೊಯ್ಯಿರಿ. ಎರಡು ಬೆಂಡೆ ಗಿಡದಲ್ಲೇ ಬಲಿತರೆ ಗಿಡ ಹೊಸ ಹೂ ಬಿಡುವುದನ್ನು ನಿಧಾನ ಮಾಡುತ್ತದೆ. ಹರಿವೆ 25-30 ದಿನಕ್ಕೆ ಬರುತ್ತದೆ. ಬೇರು ಸಮೇತ ಕೀಳದೆ ನಾಲ್ಕು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ.

ಹಂತ 9: ಅಪಾಯದ ಗುರುತುಗಳು

ಗೇಣುದ್ದಕ್ಕೆ ನಿಂತ ಬೆಂಡೆ: ಒಂದು ಗಿಡವನ್ನು ನಿಧಾನಕ್ಕೆ ಕಿತ್ತು ಬೇರು ತೊಳೆದು ನೋಡಿ. ಗಂಟುಗಂಟಾಗಿದ್ದರೆ ಬೇರುಗಂಟು ಜಂತು, ಹೊಯಿಗೆ ಮಣ್ಣಿನಲ್ಲಿ ಇದು ಜಾಸ್ತಿ. ಆ ಏರಿಯಲ್ಲಿ ಮುಂದಿನ ಸಲ ಗೊಂಡೆ ಹೂ (ಚೆಂಡುಹೂ) ಹಾಕಿ. ಬೇರು ಶುಭ್ರವಾಗಿದ್ದರೆ ಕಾರಣ ನೆರಳು ಅಥವಾ ಹುಳಿ ಮಣ್ಣು, ಹಂತ 2 ಮತ್ತು 4 ಬಿಟ್ಟುಹೋಗಿದೆ. ಅಲಸಂಡೆಯ ಬೇರಿನಲ್ಲಿಯೂ ಗುಂಡುಗುಂಡು ಕಾಣುತ್ತದೆ. ಉಗುರಿನಲ್ಲಿ ಉಜ್ಜಿದರೆ ಉದುರಿ ಬಂದರೆ ಅದು ಒಳ್ಳೆಯದು, ಗಾಳಿಯ ಸಾರಜನಕ ಹಿಡಿಯುವ ಗಂಟು. ಬೇರೇ ಊದಿಕೊಂಡಿದ್ದರೆ ಮಾತ್ರ ರೋಗ.

ಒಮ್ಮೆಲೇ ಬಾಡಿದ ಬದನೆ, ಟೊಮೆಟೊ: ಎಲೆ ಹಸಿರಾಗಿಯೇ ಇದ್ದು ಬೆಳಿಗ್ಗೆಯೂ ಬಾಡಿದ್ದರೆ ದಂಟನ್ನು ಬುಡದಲ್ಲಿ ಕತ್ತರಿಸಿ, ತಿಳಿ ನೀರಿನ ಗ್ಲಾಸಿನಲ್ಲಿ ತುದಿ ಮುಳುಗಿಸಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂತಹ ಎಳೆ ಇಳಿದರೆ ಸೊರಗು ರೋಗ. ಗಿಡವನ್ನು ಬೇರು ಸಮೇತ ತೆಗೆದು ಸುಡಿ. ಆ ಜಾಗದಲ್ಲಿ ಬದನೆ, ಮೆಣಸು, ಟೊಮೆಟೊ ಮೂರೂ ಬೇಡ, ಅಲಸಂಡೆ ಹಾಕಿ. ಅಲ್ಲಿ ಆಡಿಸಿದ ಹಾರೆಯನ್ನು ತೊಳೆಯದೆ ಬೇರೆ ಏರಿಗೆ ಒಯ್ಯಬೇಡಿ.

ಬೆಂಡೆ ಎಲೆಯ ನರ ಹಳದಿ: ವೈರಸ್, ಬಿಳಿನೊಣ ಹರಡುತ್ತದೆ. ಬಿಸಿಲು ಏರಿದಂತೆ ಇದೂ ಏರುತ್ತದೆ. ಮೊದಲ ಗಿಡವನ್ನು ಕಿತ್ತರೆ ಉಳಿದವು ಉಳಿಯಬಹುದು. "ಇನ್ನೆರಡು ಕಾಯಿ ಬರಲಿ" ಎಂದು ಬಿಟ್ಟರೆ ಸಾಲು ಪೂರ್ತಿ ಹೋಗುತ್ತದೆ.

ಅಲಸಂಡೆ ಕುಡಿಯಲ್ಲಿ ಕಪ್ಪು ಹೇನು: ಇರುವೆ ಹತ್ತುತ್ತಿದ್ದರೆ ಹೇನು ಬಂದಿದೆ ಎಂದೇ ತಿಳಿಯಿರಿ. ಮೊದಲು ನೀರು ರಭಸವಾಗಿ ಹಾಯಿಸಿ ತೊಳೆಯಿರಿ. ಹೋಗದಿದ್ದರೆ ಬೇವಿನೆಣ್ಣೆ ಬೆಳ್ಳುಳ್ಳಿ ದ್ರಾವಣ. ಒಂದು ಲೀಟರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5-6 ಗ್ರಾಂ ಬಾರ್ ಸೋಪು. ಮೊದಲು ಸೋಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಎಣ್ಣೆ ಬೆರೆಸಿ ಚೆನ್ನಾಗಿ ಕಲಕಿ. ಆಮೇಲೆ ಅರೆದ ಬೆಳ್ಳುಳ್ಳಿಯ ರಸ ಸೋಸಿ, ಉಳಿದ ನೀರು ಸೇರಿಸಿ. ಸೋಪು ಸರಿಯಾಗಿ ಕರಗದೆ ಎಣ್ಣೆ ಮೇಲೆ ತೇಲಿದರೆ ಎಲೆ ಸುಡುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಅಂಗಡಿಯವರು ಕೊಡುವ ಹೆಸರಿಲ್ಲದ ಬಾಟ್ಲಿಯ ವಿಷ ಮನೆ ತರಕಾರಿಗೆ ಬೇಡ. ಎಂಡೋಸಲ್ಫಾನ್ ಕಂಡ ಜಿಲ್ಲೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಉದುರುವ ಹಾಗಲ, ಮುಳ್ಳುಸೌತೆ: ಇವನ್ನು ಮೊದಲ ವರ್ಷದ ಪಟ್ಟಿಯಲ್ಲಿ ನಾನು ಇಟ್ಟಿಲ್ಲ. ಆದರೂ ಹಾಕುವವರು ಹಾಕುತ್ತೀರಿ, ಅಲ್ವಾ? ಮೊದಲು ಬರುವ ಹೂಗಳೆಲ್ಲ ಗಂಡು, ಉದುರುವುದು ಸಹಜ. ಹಿಂದೆ ಪುಟ್ಟ ಮಿಡಿ ಇರುವುದು ಹೆಣ್ಣು ಹೂ. ಆ ಮಿಡಿ ಹಳದಿಯಾಗಿ ಉದುರಿದರೆ ಸೀಳಿ ನೋಡಿ. ಒಳಗೆ ಹುಳ ಇಲ್ಲದಿದ್ದರೆ ಪರಾಗ ಸಿಕ್ಕಿಲ್ಲ. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಉಜ್ಜಿ. ಒಳಗೆ ಬಿಳಿ ಹುಳ ಇದ್ದರೆ ಹಣ್ಣುನೊಣ ಚುಚ್ಚಿದೆ. ಹೆಬ್ಬೆರಳು ಗಾತ್ರವಾದಾಗಲೇ ಕಾಗದದ ಕವರ್ ಹಾಕಿ. ಈ ನೊಣವನ್ನು ಸೆಳೆದು ಹಿಡಿಯುವ ಕ್ಯೂಲೂರ್ ಟ್ರ್ಯಾಪ್ ಕಟ್ಟಬಹುದು. ಮಾವಿಗೆ ಕಟ್ಟುವ ಮಿಥೈಲ್ ಯುಜೆನಾಲ್ ಟ್ರ್ಯಾಪಿಗೆ ಈ ನೊಣ ಬರುವುದಿಲ್ಲ, ನೋಡಿ ತನ್ನಿ. ಉದುರಿದ ಕಾಯಿಯನ್ನು ಗೊಬ್ಬರ ಗುಂಡಿಗೆ ಎಸೆದರೆ ಮುಂದಿನ ನೊಣ ಅಲ್ಲೇ ಹುಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗೆ ಇಡಿ.

ದೊಡ್ಡ ಬಸವನಹುಳು: ಸಂಜೆ ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ ಇಡಿ, ಬೆಳಿಗ್ಗೆ ಅಲ್ಲಿ ಸೇರಿದ್ದನ್ನು ಹೆಕ್ಕಿ ಉಪ್ಪು ನೀರಿನ ಬಕೆಟಿಗೆ ಹಾಕಿ. ಬರಿ ಕೈಯಲ್ಲಿ ಮುಟ್ಟಬೇಡಿ. ಉಪ್ಪನ್ನು ಏರಿಯ ಮೇಲೆ ಉದುರಿಸಬೇಡಿ, ಹುಳದ ಜೊತೆ ಗಿಡವೂ ಸಾಯುತ್ತದೆ.

ನೆಲ ಇಲ್ಲದವರಿಗೆ: ಟೆರೇಸಿನ ಗ್ರೋಬ್ಯಾಗ್

ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಹುಡಿ ಸಮಪಾಲು. ನಾರಿನ ಹುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಅದರ ಉಪ್ಪು ಮತ್ತು ಚೊಗರು ಹೋಗಬೇಕು. ಇಲ್ಲೂ ಸುಣ್ಣ ಮೊದಲು: ಬ್ಯಾಗಿಗೆ ಬೇಕಾದ ಮಣ್ಣಿಗೆ ಸುಮಾರು 50 ಗ್ರಾಂ ಬೆರೆಸಿ ಎರಡು ವಾರ ಬಿಟ್ಟು, ಆಮೇಲೆ ಉಳಿದದ್ದು. ಬ್ಯಾಗ್ ಮುಕ್ಕಾಲು ತುಂಬಿಸಿ, ಮುಂದೆ ಗೊಬ್ಬರ ಹಾಕಲು ಜಾಗ ಬೇಕು. ನೇರ ಕಾಂಕ್ರೀಟಿನ ಮೇಲೆ ಇಡಬೇಡಿ. ಕೆಳಗೆ ಎರಡು ಇಟ್ಟಿಗೆ ಇಟ್ಟರೆ ನೀರು ಹರಿಯುತ್ತದೆ, ಮಾಳಿಗೆಯೂ ಉಳಿಯುತ್ತದೆ. ಬೆಂಡೆ, ಬದನೆ, ಮೆಣಸು, ಹರಿವೆಗೆ ಇದು ಸಾಕು. ಕುಂಬಳಕ್ಕೆ ಸಾಕಾಗದು.

ಹಣ್ಣು: ಪಪ್ಪಾಯಿ ಮತ್ತು ಬಾಳೆ

ತರಕಾರಿ ಏರಿಯ ಹೊರಗೆ, ಬಡಗು ಅಂಚಿನಲ್ಲಿ ನೆಡಿ. ಅಲ್ಲಿಂದ ಅವುಗಳ ನೆರಳು ಏರಿಗೆ ಬೀಳುವುದಿಲ್ಲ.

ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ಎರಡೂ ಇರುವ ಗಿಡ ಎಂದು ಬೇರೆ ಬೇರೆ. ಊರಿನ ಬೀಜವಾದರೆ ಒಂದೊಂದು ಕಡೆ ಮೂರು ಸಸಿ ನೆಟ್ಟು, ಹೂ ಬಿಟ್ಟ ಮೇಲೆ ಉದ್ದ ಗೊಂಚಲಲ್ಲಿ ಹೂ ಜೋತಾಡುವ ಗಂಡು ಗಿಡ ಕಡಿಯಿರಿ. ಹತ್ತಿರದಲ್ಲಿ ಎಲ್ಲೂ ಬೇರೆ ಗಂಡು ಇಲ್ಲದಿದ್ದರೆ ಒಂದನ್ನು ಉಳಿಸಿ. ರೆಡ್ ಲೇಡಿ ತಳಿ ಹಾಕಿದರೆ ಈ ರಗಳೆ ಇಲ್ಲ, ಅದರಲ್ಲಿ ಗಂಡು ಬರುವುದಿಲ್ಲ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಪಪ್ಪಾಯಿ ಕೊಳೆಯುತ್ತದೆ. ಆದ್ದರಿಂದ ಗುಂಡಿಯಲ್ಲ, ದಿಬ್ಬ ಮಾಡಿ ನೆಡಿ.

ಬಾಳೆಗೆ ಅಗಲ ಎಲೆಯ ಕಂದು (ಮರಿಗಿಡ) ಬೇಡ, ಕತ್ತಿಯಂತೆ ಸಪೂರ ಎಲೆಯ ಕಂದು ತನ್ನಿ. ಗೊನೆ ಹಾಕುವವರೆಗೆ ಬುಡದಲ್ಲಿ ಏಳುವ ಮರಿಗಳನ್ನು ಕಡಿಯುತ್ತಿರಿ. ಹೊಸಬರಿಗೆ ಕದಳಿ ಸುಲಭ. ನೇಂದ್ರಕ್ಕೆ ಆಹಾರವೂ ಊರುಗೋಲೂ ಜಾಸ್ತಿ ಬೇಕು.

ಬೇಸಿಗೆ ಮುಗಿಯುವ ಮೊದಲು

ಮಾರ್ಚ್ ಕೊನೆಗೆ ಗಿಡಗಳು ದಣಿದಿರುತ್ತವೆ. ಬಸಳೆ ಮತ್ತು ಒಂದೆರಡು ಬದನೆ ಉಳಿಸಿ ಬೇರೆಲ್ಲ ತೆಗೆಯಿರಿ. ಬದನೆಯನ್ನು ಮೊಣಕಾಲು ಎತ್ತರಕ್ಕೆ ಕತ್ತರಿಸಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ರೋಗ ಇಲ್ಲದ ಗಿಡಗಳನ್ನು ಅಲ್ಲೇ ಕೊಚ್ಚಿ ಏರಿಯ ಮೇಲೆ ಹರಡಿ, ಮೇಲೆ ಸೋಗೆ ಮುಚ್ಚಿ. ಬಿಸಿಲಿಗೆ ಬರಿ ಮಣ್ಣು ಬಿಡಬೇಡಿ.

ಮುಂದಿನ ಬೆಳೆಗೆ ಏರಿ ಬದಲಿಸಿ: ಬದನೆ ಇದ್ದಲ್ಲಿ ಅಲಸಂಡೆ, ಅಲಸಂಡೆ ಇದ್ದಲ್ಲಿ ಹರಿವೆ, ಹರಿವೆ ಇದ್ದಲ್ಲಿ ಬೆಂಡೆ. ಮಳೆಗಾಲಕ್ಕೆ ಹರಿವೆ ಹಾಕುವುದಾದರೆ ಹಸಿರು ಹರಿವೆ ಹಾಕಿ, ಮಳೆಯಲ್ಲಿ ಕೆಂಪು ಹರಿವೆಯ ಎಲೆಗೆ ಬಿಳಿ ಚುಕ್ಕಿ ರೋಗ ಬೇಗ ಹತ್ತುತ್ತದೆ. ಪತ್ತನಾಜೆಗೆ ಮೊದಲೇ ಕಣಿಯ ಕಸ ತೆಗೆದು ನೀರು ತೋಡಿಗೆ ಹೋಗುವ ದಾರಿ ಬಿಡಿಸಿ. ಏರಿಯನ್ನು ಒಂದಡಿಗೆ ಎತ್ತರಿಸಿ. ಮಳೆಗಾಲ ಕಳೆದ ಮೇಲೆ ಮತ್ತೆ ಸುಣ್ಣ ಹಾಕಬೇಕು. ಒಂದು ಸಲ ಹಾಕಿದ್ದು ಒಂದು ಮಳೆಗಾಲಕ್ಕಿಂತ ಜಾಸ್ತಿ ಇಲ್ಲಿ ಉಳಿಯುವುದಿಲ್ಲ.